ನಾನಾ ಇಸಿದ್ರಾಗೆ ಎಪ್ಪತ್ತೆರಡು ಹೆಜ್ಜೆ

ವ್ಯಾನ್ ಓಡಿಸುವ ಸೆಲ್ಮೊ ಕೈಯಲ್ಲಿ ಕೋಲು ಹಿಡಿದು, ಎಡಗಾಲು ಎಳೆಯುತ್ತ ಕಡಲಂಚಿನಲ್ಲಿ ನಡೆದಾಡುತ್ತಿದ್ದಾನೆ ಎಂಬ ಸುದ್ದಿ ಎರಡೇ ದಿನದಲ್ಲಿ ಪಸುಕಿನ್ ಊರಿಗೆಲ್ಲ ಹಬ್ಬಿತು. ಪಾರ್ಶ್ವವಾಯು ಬಡಿದಿದೆ ಎಂದವರೂ ಇದ್ದರು, ಹೆಂಡತಿ ಬಡಿದಿದ್ದಾಳೆ ಎಂದವರೂ ಇದ್ದರು. ಮೂರನೆಯ ದಿನ ಅವನು ಹೆಗಲ ಮೇಲೊಂದು ಸ್ಟೂಲು ಹೊತ್ತು ಹೊರಟಾಗ ಹೆಂಡತಿ ಕರಿಂಗ್‌ಗೂ ಸಾಕಾಯಿತು.

"ಜನ ನನ್ನ ಮುಖ ನೋಡಿ ನಗ್ತಾರೆ. ಏನು ಮಾಡ್ತಿದೀಯ ಅಂತ ನನಗಾದ್ರೂ ಹೇಳು."

"ನಾನಾ ಇಸಿದ್ರಾ ನಡಿಯೋಕೆ ಜಾಗ ಹುಡುಕ್ತಿದೀನಿ ಕಣೇ. ಏರು ಇರಬಾರದು, ಮರಳು ಇರಬಾರದು, ನಡುವೆ ಕೂರೋಕೆ ಏನಾದ್ರೂ ಬೇಕು. ಕಡಲಂತೂ ಕಾಣಲೇಬೇಕು."

ಮರುದಿನ ಸ್ಟೂಲನ್ನು ಕರಿಂಗ್ ತಾನೇ ಒರೆಸಿ ಕೊಟ್ಟಳು.

ನಾನಾ ಇಸಿದ್ರಾ ಆ ಊರಿನ ಸೂಲಗಿತ್ತಿ. ನಾನಾ ಎಂದು ಕರೆಯುವುದು ತಾಯಿಯ ವಯಸ್ಸಿನವರನ್ನು, ಆದರೆ ಇವರನ್ನು ಅಜ್ಜಂದಿರೂ ಹಾಗೆಯೇ ಕರೆಯುತ್ತಿದ್ದರು. ನಲವತ್ತು ವರ್ಷ ಕಂಡವರ ಬೈಕಿನ ಹಿಂದೆ, ಮೀನಿನ ಲಾರಿಯಲ್ಲಿ, ಒಮ್ಮೆ ಎಮ್ಮೆಗಾಡಿಯಲ್ಲಿ ಕೂಡ ಹೋಗಿ ಹೆರಿಗೆ ಮಾಡಿಸಿದವರು. ಸೆಲ್ಮೊ ಹುಟ್ಟಿದ್ದು ಅವರ ಕೈಯಲ್ಲೇ. ಅವನ ಮಗಳು ಹುಟ್ಟಿದ್ದು ಅವನದೇ ವ್ಯಾನಿನಲ್ಲಿ, ಬೆಟ್ಟದ ಅಂಚಿನ ರಸ್ತೆಯಲ್ಲಿ, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು. ಮಗು ನೀಲಿಗಟ್ಟಿತ್ತು. ಸೆಲ್ಮೊ ರಸ್ತೆ ಬದಿಯಲ್ಲಿ ಕೂತು ಗೋಳಾಡುತ್ತಿದ್ದರೆ ಒಳಗಿನಿಂದ ಇಸಿದ್ರಾ, "ಬಾಯಿ ಮುಚ್ಚೋ, ಅಳೋ ಸರದಿ ಮಗೂದು" ಎಂದಿದ್ದರು. ಆಮೇಲೆ ಮಗು ಅತ್ತಿತ್ತು. ಆ ಅಳು ಕೇಳಿದ ಮೇಲೆ ತನ್ನ ಬದುಕಿನಲ್ಲಿ ಇನ್ನೇನು ಸಿಕ್ಕರೂ ಅದು ಲಾಭವೇ ಎಂದು ಸೆಲ್ಮೊ ನಂಬಿಬಿಟ್ಟಿದ್ದ.

ಅಂಥ ಇಸಿದ್ರಾ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸ್ವಂತ ಅಡುಗೆಮನೆಯಲ್ಲಿ ಜಾರಿ ಬಿದ್ದು ಎಡ ಸೊಂಟ ಮುರಿದುಕೊಂಡರು. ಲವಾಗ್ ಪೇಟೆಯ ಡಾಕ್ಟರು ಮೂಳೆ ಕೂಡಿಸಿದರು, ನಾಲ್ಕು ತಿಂಗಳಲ್ಲಿ ಅದು ಚೆನ್ನಾಗಿ ಕೂಡಿಕೊಂಡಿತು ಕೂಡ. ನಡೆಯಿರಿ, ದಿನಾ ನಡೆಯಿರಿ, ಇನ್ನು ಎರಡು ತಿಂಗಳು ಹೀಗೇ ಕೂತರೆ ಕಾಲು ಮತ್ತೆ ಮಾತು ಕೇಳುವುದಿಲ್ಲ ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದರು. ಇಸಿದ್ರಾ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಕುರ್ಚಿಯಿಂದ ಹಾಸಿಗೆಗೆ ಹೋಗಲು ಕೂಡ ತಂಗಿ ಬಿಯಾಂಗಳ ಹೆಗಲು ಬೇಕು. ಮೊಂಡ ರಾಜನಿಗಿಂತ ಬಲವಂತ ಅನ್ನುತ್ತಾರಲ್ಲ, ಡಾಕ್ಟರು ಅವರ ಮುಂದೆ ಯಾವ ಲೆಕ್ಕ? ಎರಡು ತಿಂಗಳಲ್ಲಿ ಒಂದು ಆಗಲೇ ಕಳೆದುಹೋಗಿತ್ತು. ಸೆಲ್ಮೊ ಕೋಲು ಹಿಡಿದು ಹೊರಟದ್ದು ಆಗ.

ಅವನು ಅಳೆದೂ ಸುರಿದೂ ಮೂರು ಜಾಗ ಆರಿಸಿದ. ಬುರ್ಗೋಸ್‌ನ ದೀಪಸ್ತಂಭಕ್ಕೆ ಮೆಟ್ಟಿಲು ಜಾಸ್ತಿ, ಅದರ ಕೆಳಗಿನ ಹುಲ್ಲಿನ ದಾರಿ ಆಗಬಹುದು. ಬಾಂಗಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತ ದಂಡೆಯ ಉದ್ದಕ್ಕೂ ಗಟ್ಟಿ ಮಣ್ಣಿನ ದಾರಿ. ಕೊನೆಯದು ಪಗುದ್‌ಪುದ್ ದಾಟಿದ ಮೇಲೆ ಒಂದು ಪುಟ್ಟ ಪ್ರಾರ್ಥನಾಮಂದಿರದ ಪಕ್ಕದಿಂದ ಕಡಲವರೆಗೆ ಹೋಗುವ ಸಿಮೆಂಟಿನ ಕಾಲುದಾರಿ. ಎಪ್ಪತ್ತೆರಡು ಹೆಜ್ಜೆ, ನಲವತ್ತನೆಯದಕ್ಕೆ ಒಂದು ಕಲ್ಲುಬೆಂಚು.

"ನನ್ನನ್ನ ಅಕ್ಕಿಮೂಟೆ ಥರ ಎತ್ತಿ ಹಾಕೋದಾದ್ರೆ ಬರಲ್ಲ" ಎಂದರು ಇಸಿದ್ರಾ, ಅವನು ಕರೆಯಲು ಹೋದಾಗ.

"ಯಾರೂ ಎತ್ತಲ್ಲ ನಾನಾ. ಕೂತು ನೋಡ್ಕೊಂಡು ಬನ್ನಿ ಸಾಕು."

ಶನಿವಾರ ಬೆಳಗ್ಗೆ ಆರಕ್ಕೇ ಹೊರಟರು. ಮುಂದೆ ಸೆಲ್ಮೊನ ಪಕ್ಕ ಇಸಿದ್ರಾ, ಹಿಂದೆ ಕರಿಂಗ್ ಮತ್ತು ಬಿಯಾಂಗ್, ಅವರ ನಡುವೆ ಬಾಳೆಎಲೆಯಲ್ಲಿ ಸುತ್ತಿ ಸುಟ್ಟ ಅಕ್ಕಿಕಡುಬಿನ ಬುಟ್ಟಿ, ಜೊತೆಗೆ ಅದೇ ಸ್ಟೂಲು, ಅದೇ ಕೋಲು. ಬುರ್ಗೋಸ್‌ನಲ್ಲಿ ಮೂವರು ಇಳಿದರು, ಇಸಿದ್ರಾ ಇಳಿಯಲಿಲ್ಲ. ಬಿಸಿಲು ಎಂದರು. ಬಾಂಗಿಯಲ್ಲಿ ಗಾಳಿ ಎಂದರು. ಅಲ್ಲಿ ಗಾಳಿಯಂತ್ರ ನೆಟ್ಟದ್ದೇ ಗಾಳಿ ಇದೆ ಎಂದು ಅಲ್ಲವೇ? ಸೆಲ್ಮೊ ಎಣಿಸಿಟ್ಟ ಹೆಜ್ಜೆಗಳೆಲ್ಲ ಹಾಗೇ ಬಿದ್ದಿದ್ದವು.

ಆ ಸೀಮೆಯವರು ಚೆಂದದ ಜಾಗದಿಂದ ಏಳುವಾಗ ತಮ್ಮ ತಮ್ಮ ಹೆಸರು ಹಿಡಿದು ಕರೆದುಕೊಂಡೇ ಹೊರಡುವುದು. ಮೈ ಎದ್ದು ಬಂದರೂ ಜೀವ ಅಲ್ಲೇ ಆಡುತ್ತ ಉಳಿದುಬಿಡಬಹುದು, ಹಾಗೆ ಉಳಿದರೆ ಮನುಷ್ಯ ಮಂಕಾಗುತ್ತಾನೆ. ಬಾಂಗಿಯಲ್ಲಿ ವ್ಯಾನಿನ ಬಾಗಿಲು ಹಾಕುವ ಮುಂಚೆ ಸೆಲ್ಮೊ ದಂಡೆಯತ್ತ ತಿರುಗಿ ಎಂದಿನಂತೆ ಕರೆದ.

"ಕರಿಂಗ್, ಬಾ, ಹಿಂದೆ ಉಳೀಬೇಡ. ಬಿಯಾಂಗ್ ಅಕ್ಕಾ, ಬನ್ನಿ, ಹಿಂದೆ ಉಳೀಬೇಡಿ. ಸೆಲ್ಮೊ, ಬಾರೋ."

ವ್ಯಾನು ಹೊರಟಿತು. ಎರಡು ಮೈಲಿ ಕಳೆಯಿತು.

"ನನ್ನ ಹೆಸರು ಕರೀಲಿಲ್ಲ ನೀನು" ಎಂದರು ಇಸಿದ್ರಾ. "ಬುರ್ಗೋಸಲ್ಲೂ ಕರೀಲಿಲ್ಲ."

ಸೆಲ್ಮೊ ಗಾಬರಿಯಾದ. ಅವನ ಮನಸ್ಸಿನಲ್ಲಿ ಯಾವ ಕುಹಕವೂ ಇರಲಿಲ್ಲ. "ನೀವು ಇಳೀಲೇ ಇಲ್ವಲ್ಲ ನಾನಾ. ಇಳಿದವರನ್ನ ತಾನೇ ಕರೆಯೋದು?"

"ಹಂಗಾದ್ರೆ ನಾನು ಸಾಮಾನು. ಸ್ಟೂಲಿನ ಪಕ್ಕ ಇನ್ನೊಂದು ಸ್ಟೂಲು."

"ಅಕ್ಕಾ, ಸುಮ್ನಿರು" ಎಂದಳು ಬಿಯಾಂಗ್ ಹಿಂದಿನಿಂದ.

"ನೀನು ಸುಮ್ನಿರು. ಐದು ತಿಂಗಳಿಂದ ನನ್ನ ಹೆಸರು ಹಿಡಿದು ಯಾರು ಕರೆದಿದ್ದಾರೆ ಹೇಳು? ಮುಂಚೆ ಅರ್ಧರಾತ್ರೀಲಿ ಬಾಗಿಲು ಬಡಿದು ನಾನಾ ಇಸಿದ್ರಾ, ನಾನಾ ಇಸಿದ್ರಾ ಅಂತ ಕೂಗೋರು. ಈಗ ಎಲ್ಲಾರೂ ಬಾಗಿಲಲ್ಲಿ ನಿಂತು, ಅವರು ಹೇಗಿದ್ದಾರೆ, ಅಂತ ನಿನ್ನನ್ನ ಕೇಳಿ ಹೋಗ್ತಾರೆ."

ಅದು ನಿಜವಾಗಿತ್ತು. ಸೆಲ್ಮೊ ಕೂಡ ಹಾಗೇ ಕೇಳಿ ಹೋಗಿದ್ದವನು.

ಪ್ರಾರ್ಥನಾಮಂದಿರದ ಪಕ್ಕ ವ್ಯಾನು ನಿಲ್ಲಿಸಿ ಅವನು ಇಳಿದು ಬಂದು ಇಸಿದ್ರಾರ ಬಾಗಿಲು ತೆರೆದ. ಅವರು ಸಿಮೆಂಟಿನ ದಾರಿಯನ್ನೇ ನೋಡುತ್ತಿದ್ದರು.

"ಹೆದರಿಕೆ ಕಣೋ" ಎಂದರು ಮೆಲ್ಲಗೆ, ತಂಗಿಗೆ ಕೇಳದ ಹಾಗೆ. "ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಓಡಿದೋಳು ನಾನು. ಈಗ ನೆಲ ಕಂಡ್ರೆ ಹೆದರಿಕೆ. ಇದನ್ನ ಯಾರಿಗೆ ಹೇಳಲಿ?"

"ನಾನು ನಡೆದು ನೋಡಿದೀನಿ ನಾನಾ. ಎಡಗಾಲು ಊರದೆ, ಕೋಲು ಹಿಡ್ಕೊಂಡು, ನಾಲ್ಕು ಸಲ. ಒಂದ್ಸಲಾನೂ ಬೀಳಲಿಲ್ಲ." ಅವನು ಕೋಲು ಎಡಗೈಯಲ್ಲಿ ಹಿಡಿದು ಕುಂಟುತ್ತ ನಡೆದೂ ತೋರಿಸಿದ.

ಇಸಿದ್ರಾ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಊರೆಲ್ಲ ಹಿಂಗೇ ನಡೆದ್ಯಾ?"

"ಹೂಂ. ನಾಲ್ಕು ದಿನ."

"ಪೆದ್ದ. ಮುರಿದಿರೋದು ಎಡಗಡೆ ಆದ್ರೆ ಕೋಲು ಬಲಗೈಯಲ್ಲಿರಬೇಕು. ನೀನು ಹಿಡಿದ ಹಂಗೆ ಹಿಡಿದ್ರೆ ಗಟ್ಟಿಮುಟ್ಟಾಗಿರೋರೂ ಬೀಳ್ತಾರೆ. ಬೀಳದೇ ಉಳಿದದ್ದು ನಿನ್ನ ಪುಣ್ಯ. ಕೊಡು ಇಲ್ಲಿ."

"ಹೀಗಾ?" ಸೆಲ್ಮೊ ಕೋಲು ಬಲಗೈಗೆ ಬದಲಿಸಿ, ಈ ಸಲ ಬಲಗಾಲನ್ನೇ ಎಳೆದ. ಅದೂ ತಪ್ಪು.

"ಅಯ್ಯೋ, ನಿನ್ನನ್ನ ಹುಟ್ಟಿಸಿದ್ದು ನಾನೇ ಅಂತ ಯಾರ ಮುಂದೆ ಹೇಳ್ಕೊಳ್ಳಲಿ" ಎನ್ನುತ್ತ ಇಸಿದ್ರಾ ಬಾಗಿಲ ಹಿಡಿ ಹಿಡಿದರು. ಕಾಲು ಕೆಳಗಿಟ್ಟರು. ಕೋಲು ಕಿತ್ತುಕೊಂಡರು. "ನೋಡು. ಕೋಲು ಮುಂದೆ. ಆಮೇಲೆ ನೊಂದ ಕಾಲು. ಆಮೇಲೆ ಒಳ್ಳೆ ಕಾಲು. ಕಂಡ್ಯಾ? ಕೋಲು, ನೊಂದದ್ದು, ಒಳ್ಳೇದು."

ಬಿಯಾಂಗ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಕರಿಂಗ್ ಅವಳ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಸೆಲ್ಮೊ ಮನಸ್ಸಿನಲ್ಲೇ ಎಣಿಸುತ್ತ ಒಂದು ಮೊಳ ದೂರದಲ್ಲಿ ನಡೆದ. ಇಸಿದ್ರಾ ಪಾಠ ಹೇಳುತ್ತಲೇ ಇದ್ದರು, ಹದಿನೈದು ಆಯಿತು, ಇಪ್ಪತ್ತಾಯಿತು, ಮೂವತ್ತರ ಹೊತ್ತಿಗೆ ಮಾತು ನಿಂತು ಉಸಿರು ಮಾತ್ರ ಕೇಳಿಸಿತು. ಬೆಂಚು ಬಂದರೂ ಅವರು ಕೂರಲಿಲ್ಲ. ಅದರ ಬೆನ್ನಿಗೆ ಕೈ ಊರಿ ಸ್ವಲ್ಪ ನಿಂತು ಮತ್ತೆ ಹೊರಟರು.

ಕೊನೆಯಲ್ಲಿ ಕಡಲು. ಅಲೆ ಬಂದು ಬಂಡೆಗೆ ಬಡಿದು ಬೆಳ್ಳಗೆ ಹಿಂದಕ್ಕೆ ಹೋಗುತ್ತಿತ್ತು. ಇಸಿದ್ರಾ ಬಹಳ ಹೊತ್ತು ನೋಡಿದರು.

"ಈ ರಸ್ತೇಲಿ ಎಷ್ಟು ಸಲ ಹೋಗಿಲ್ಲ ನಾನು" ಎಂದರು. "ಒಂದಿನಾನೂ ಈ ಕಡೆ ಕತ್ತು ತಿರುಗಿಸಿರಲಿಲ್ಲ. ಅಲ್ಲೊಬ್ಬಳು ನೋವು ತಿಂತಿರೋಳು. ಬೇಗ ಹೋಗು, ಬೇಗ ಹೋಗು ಅಂತ ಮುಂದಿನ ರಸ್ತೆ ನೋಡೋದೇ ಆಗೋಯ್ತು." ಆಮೇಲೆ ಅವನ ಕೈ ಹಿಡಿದುಕೊಂಡರು. "ಒಳ್ಳೇದು ಮಾಡಿದೆ ಕಣೋ. ನನ್ನ ಮಗ ನೀನು."

ಸೆಲ್ಮೊ ಹೇಳಬೇಕಾದ್ದು ಹದಿನಾಲ್ಕು ವರ್ಷದಿಂದ ಹಾಗೇ ಇತ್ತು, ಇಷ್ಟೇ ಹೊರಬಂತು: "ನಾನು ಮಾಡಿದ್ದು ಏನಿದೆ ನಾನಾ. ನನ್ನ ಮನೇಲಿ ಮಗಳು ಓಡಾಡ್ತಾಳಲ್ಲ, ಅದು ನಿಮ್ಮಿಂದ."

ಅಲ್ಲೇ ಕೂತು ನಾಲ್ವರೂ ಕಡುಬು ತಿಂದರು. ಬಿಸಿಲು ಏರಿದಾಗ ಎದ್ದರು. ವ್ಯಾನಿನ ಹತ್ತಿರ ಬಂದು ಸೆಲ್ಮೊ ಕಡಲಿನತ್ತ ತಿರುಗಿ ನಿಂತ. ಈ ಸಲ ಎಲ್ಲರಿಗಿಂತ ಮೊದಲು ಯಾರ ಹೆಸರು ಕರೆಯಬೇಕೆಂದು ಅವನಿಗೆ ಗೊತ್ತಿತ್ತು.

"ನಾನಾ ಇಸಿದ್ರಾ..."

"ನಿಲ್ಲಿಸೋ" ಎಂದರು ಅವರು, ಕೋಲಿನ ಮೇಲೆ ಭಾರ ಬಿಟ್ಟು. "ಅವರಿಬ್ಬರನ್ನ ಕರ್ಕೋ. ನನ್ನ ಜೀವ ಇಲ್ಲೇ ಇರಲಿ."

"ಅಪಶಕುನ ಆಡಬೇಡ ಅಕ್ಕಾ" ಎಂದು ಬಿಯಾಂಗ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಏನಾಗಲ್ಲ. ಬರೋ ಶನಿವಾರ ನಾನೇ ನಡ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ."

ಬರುವ ಶನಿವಾರ ಲವಾಗ್‌ನ ಒಂದು ಮದುವೆಗೆ ಸೆಲ್ಮೊ ವ್ಯಾನು ಒಪ್ಪಿಕೊಂಡಿದ್ದ. ಅವನು ಅಲ್ಲೇ ನಿಂತು ಫೋನ್ ತೆಗೆದು, ಆ ದಿನ ಬರಲಾಗುವುದಿಲ್ಲ ಎಂದು ಮದುವೆ ಮನೆಯವರಿಗೆ ಹೇಳಿದ.