ನೀರು ಕೇಳಿ ಹೋದ ಮನೆ

ಕೆಳಮನೆಯವರ ಕಾಲುಚೀಲಗಳು ಒಂದಕ್ಕೊಂದು ಜೋಡಿಯಾಗಿರುತ್ತಿರಲಿಲ್ಲ. ಒಂದು ಕೆಂಪು, ಇನ್ನೊಂದು ಬೂದು. ಎರಡರ ಹಿಮ್ಮಡಿಗೂ ಬೇರೆ ಬಣ್ಣದ ಉಣ್ಣೆಯ ತೇಪೆ. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿರುವ ಮಗಳ ಮನೆಗೆ ಬಂದ ಹೊಸತರಲ್ಲಿ ಆ ವಯಸ್ಸಾದ ಹೆಂಗಸಿನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಆ ಪಾದಗಳು. ಅವರೂ ನಮ್ಮಂತೆ ಹೊಸ್ತಿಲಲ್ಲೇ ಬೂಟು ಬಿಡುತ್ತಿದ್ದರು. ಆಮೇಲೆ ಜೊತೆಯಲ್ಲಿ ಫೀಕಾ ಶುರುವಾಯಿತು. ಅಂದರೆ ಕಾಫಿ, ಒಂದು ಬನ್ನು, ಒಂದಿಷ್ಟು ಮಾತು. ಇಬ್ಬರ ಇಂಗ್ಲಿಷೂ ಕುಂಟುತ್ತಿದ್ದುದರಿಂದ ಒಟ್ಟಿಗೇ ನಡೆಯಿತು.

ಕರೆಯದೆ ಅವರು ಎಲ್ಲಿಗೂ ಹೋದವರಲ್ಲ. ಒಂದು ಮಹಡಿ ಹತ್ತಿ ಬರಲೂ ಹಿಂದಿನ ದಿನವೇ ಕೇಳುತ್ತಿದ್ದರು.

"ಸುಮ್ನೆ ಬಂದ್ರಾಯ್ತಲ್ಲ" ಅಂದರೆ, "ನಿಮಗೆ ಬಿಡುವಿಲ್ಲದಿದ್ರೆ?" ಅನ್ನುತ್ತಿದ್ದರು.

ನನಗೆ ಬಿಡುವಿಲ್ಲದ ದಿನ ಯಾವುದೋ, ನನಗೇ ಗೊತ್ತಿರಲಿಲ್ಲ.

ಅವರು ಹುಟ್ಟಿದ್ದು ಹತ್ತಿರದ ಒಂದು ಕಡಲೂರಿನಲ್ಲಿ. ಮೀನುಗಾರರ ಹಳೇ ಊರು. ಈಗ ಗುಡ್ಡದ ತುಂಬ ದ್ರಾಕ್ಷಿ ತೋಟ. ಮಂಡಿನೋವು ಹೆಚ್ಚಿ, ಚಳಿಗಾಲಕ್ಕೆ ಮುಂಚೆ ವೃದ್ಧರ ನಿವಾಸ ಸೇರುವುದೆಂದು ತೀರ್ಮಾನವಾದಾಗ, ಹುಟ್ಟಿದ ಮನೆಯ ಒಳಗೆ ಒಂದು ಸಲ ನಿಲ್ಲಬೇಕು ಅಂದರು. ಆ ಮನೆ ಈಗ ತೋಟದವರು ವೈನಿನ ರುಚಿ ತೋರಿಸುವ ಜಾಗ. ಕೆಳಮನೆಯವರು ಎಷ್ಟೋ ಸಲ ಹೋಗಿ, ರಸ್ತೆಯಲ್ಲೇ ನಿಂತು ನೋಡಿ ಬಂದಿದ್ದರಂತೆ.

ನನ್ನ ಮೊಮ್ಮಗಳು ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದೊಯ್ದಳು. ಉರುಟುಕಲ್ಲಿನ ಬೀದಿ, ತಗ್ಗು ಸೂರು, ಮರದ ಚೌಕಟ್ಟುಗಳ ನಡುವೆ ಸುಣ್ಣ ಬಳಿದ ಗೋಡೆ. ಮದುವೆಯ ಊಟ ಮುಗಿಸಿ ಕೂತ ಹೆಂಗಸರ ಹಾಗೆ ಹಳೇ ಮನೆಗಳು ಒಂದಕ್ಕೊಂದು ಒರಗಿಕೊಂಡಿದ್ದವು.

"ಇಲ್ಲಿ ಆಲೂಗಡ್ಡೆನೇ ನೆಟ್ಟಗೆ ಬರ್ತಿರಲಿಲ್ಲ," ಅಂದರು ಕೆಳಮನೆಯವರು. "ದ್ರಾಕ್ಷಿ ಅಂದಿದ್ರೆ ನಮ್ಮಪ್ಪ ನಗ್ತಿದ್ದ."

ಬಾಗಿಲಲ್ಲಿ ಬೋರ್ಡು: ಮೊದಲೇ ಬುಕ್ ಮಾಡಿದವರಿಗೆ ಮಾತ್ರ. ಅವರು ಓದಿ, ಕಾರಿನ ಕಡೆ ತಿರುಗಿದರು. ನಾನು ಬಾಗಿಲ ಕಡೆ ಹೊರಟೆ.

"ಅಜ್ಜಿ, ಪ್ಲೀಸ್. ಇಲ್ಲಿ ಹಾಗೆಲ್ಲ ಹೋಗಲ್ಲ," ಮೊಮ್ಮಗಳು ಸೆರಗು ಹಿಡಿದಳು.

"ನೀರು ಕೇಳ್ತೀನಿ ಕಣೇ. ಅದಕ್ಕೂ ಬುಕಿಂಗಾ?"

"ಕಾರಲ್ಲಿ ಬಾಟ್ಲಿದೆ."

"ಅದು ನಿಂಗಿರ್ಲಿ."

ಮನೆಯ ಯಜಮಾನಿ ನೀರು ತಂದುಕೊಟ್ಟಳು. ಕುಡಿದು, ರಸ್ತೆಯ ಕಡೆ ಕೈ ತೋರಿಸಿ, "ಅವರು ಹುಟ್ಟಿದ್ದು ಈ ಮನೇಲಿ" ಅಂದೆ. ಆಕೆ ಬೀದಿಗಿಳಿದು ತಾನೇ ಕರೆತಂದಳು.

ಒಳಗೆ, ಬುಕ್ ಮಾಡಿದವರು ಬೂಟುಗಾಲಲ್ಲೇ ನಿಂತು ಗ್ಲಾಸು ಮೂಸುತ್ತಿದ್ದರು. ಕೆಳಮನೆಯವರು ಹೊಸ್ತಿಲಲ್ಲಿ ಗೋಡೆ ಹಿಡಿದು, ಬಗ್ಗದ ಮಂಡಿಯನ್ನು ಬಗ್ಗಿಸಿ, ಎರಡೂ ಬೂಟು ಬಿಚ್ಚಿಟ್ಟರು. ಒಂದು ಕೆಂಪು, ಒಂದು ಬೂದು. ಹಲಗೆಯ ನೆಲದ ಮೇಲೆ ನಿಧಾನ ನಡೆದು ಕಿಟಕಿಯ ಪಕ್ಕ ನಿಂತರು.

"ಅಮ್ಮನ ಒಲೆ ಇಲ್ಲಿತ್ತು."

ಅಷ್ಟೇ ಅಂದದ್ದು. ಯಜಮಾನಿ ಆ ಪಾದಗಳನ್ನು ನೋಡಿ ತನ್ನ ಶೂಗಳನ್ನೂ ಬಿಚ್ಚಿದಳು. ನನಗೂ ಒಂದು ಗ್ಲಾಸು ವೈನ್ ಸಿಕ್ಕಿತು. ಹುಳಿ. "ನಿಮ್ಮಮ್ಮಂಗೆ ಹೇಳ್ಬೇಡ" ಎಂದು ಮೊಮ್ಮಗಳಿಗೆ ಹೇಳಿದ್ದೆ. ಫೋನಿನಲ್ಲಿ ಬರೆಯಲು ಕಲಿತು ಈಗ ಇದನ್ನೆಲ್ಲ ನಾನೇ ಬರೆದು ಹೇಳುತ್ತಿದ್ದೇನೆ.

"ನಿಮಗೆ ನಿಜವಾಗ್ಲೂ ಬಾಯಾರಿತ್ತಾ?" ಎಂದು ವಾಪಸು ಬರುವಾಗ ಕೆಳಮನೆಯವರು ಕೇಳಿದರು.

"ಇಲ್ಲ."

ಅವರು ಜೋರಾಗಿ ನಕ್ಕದ್ದನ್ನು ಕೇಳಿದ್ದು ಆವತ್ತೇ.

ಹಿಮ ಕರಗುವ ಮುಂಚೆ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಚರ್ಚಿನಿಂದ ಬಂದ ಮೇಲಿನ ಕಾಫಿಗೆ ಮೊದಲೇ ಹೆಸರು ಕೊಟ್ಟವರು ಮಾತ್ರ ಹೋಗಬೇಕಂತೆ. ನನ್ನ ಹೆಸರನ್ನು ಯಾರೂ ಕೊಟ್ಟಿರಲಿಲ್ಲ. ಹೋದೆ. ಬಾಗಿಲಲ್ಲಿ ನಿಂತಿದ್ದ ಅವರ ಮಗ, ಅಮ್ಮನದೇ ಮೂಗು, ಇವರು ಯಾರು ಎಂಬಂತೆ ನೋಡಿದ.

"ಒಂದು ಲೋಟ ನೀರು ಸಿಗತ್ತಾ?" ಅಂದೆ.

"ಓ, ನೀವಾ" ಅಂದು, ಪಕ್ಕಕ್ಕೆ ಸರಿದು ದಾರಿ ಬಿಟ್ಟ.