ಅಪ್ಪನ ಫ್ಲಾಸ್ಕು

ಅರಸೀಕೆರೆಯ ರಾಮನವಮಿ ಸಂಗೀತ ಕಛೇರಿಯಲ್ಲಿ ಅಪ್ಪ ಹಾಡು ಮರೆತು ಬಾಯಿ ತೆರೆದುಕೊಂಡು ಕೂತರಂತೆ, ಜನ ಎದ್ದು ಹೋದರಂತೆ ಎಂದು ಯಾರೋ ಬಂದು ಹೇಳಿದಾಗ, "ಹಾಗೇ ಆಗಬೇಕು, ಬಿಡಿ" ಅಂದುಬಿಟ್ಟೆ. ಹೇಳಿದವರು ಕಕ್ಕಾಬಿಕ್ಕಿಯಾದರು. ಆಗಲಿ, ನನಗೇನು! ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಅಪ್ಪ ಆಗಲೇ ಮುದುಕರು. ಆದರೂ ರಾಮನವಮಿ ಬಂತೆಂದರೆ ಊರೂರು ತಿರುಗಿ ಹಾಡುತ್ತಿದ್ದರು.

ನನ್ನ ಸಿಟ್ಟೆಲ್ಲ ಅವರ ಫ್ಲಾಸ್ಕಿನ ಮೇಲೆ. ಚಿಕ್ಕವಳಿದ್ದಾಗ ಅವರ ಹಿಂದೆ ಕೂತು ತಂಬೂರಿ ಮೀಟುತ್ತಿದ್ದವಳು ನಾನೇ. ಹಾಡಿನ ನಡುವೆ ಅವರು ಹಿಂದಕ್ಕೆ ಕೈ ಚಾಚಿದರೆ ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿ ಕೊಡಬೇಕು. ಸಭೆಯ ಲೆಕ್ಕದಲ್ಲಿ ಅದು ಬಿಸಿ ಕಾಫಿ. ಬ್ರಾಂದಿ ಅಂತ ನನ್ನ ಮೂಗಿಗೆ ಗೊತ್ತಿತ್ತು. ನನ್ನ ಮದುವೆಯ ಮುಹೂರ್ತದ ಹೊತ್ತಿಗೆ ಅವರು ಛತ್ರದ ಹಿಂದಿನ ಕೋಣೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದರು. ಧಾರೆ ಎರೆದವನು ಸೋದರಮಾವ. ಅಮ್ಮ ಅವತ್ತೇ ಗಂಡನ ಜೊತೆ ಮಾತು ಬಿಟ್ಟಳು, ನನ್ನ ಹಿಂದೆಯೇ ಹಳೇಬೀಡಿಗೆ ಬಂದಳು. ಮಗಳ ಮನೆ ಸೇರಿಕೊಂಡಳು ಅಂತ ಊರು ಆಡಿಕೊಂಡಿತು. ಸ್ಕೂಲ್ ಮೇಷ್ಟರಾಗಿದ್ದ ನನ್ನ ಯಜಮಾನರು ಮಾತ್ರ ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಪುಣ್ಯಾತ್ಮರು.

ಅರಸೀಕೆರೆಯ ಸುದ್ದಿಯ ಹಿಂದೆಯೇ ಅಪ್ಪನೂ ಬಂದು ನಮ್ಮ ಬಾಗಿಲಲ್ಲಿ ನಿಂತರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಅದೇ ಫ್ಲಾಸ್ಕು.

"ಇವತ್ತು ಸಂಜೆ ಬೇಲೂರಲ್ಲಿ ಕಛೇರಿ. ಹಿಂದೆ ಕೂತ್ಕೊಳ್ತೀಯೇನಮ್ಮ?"

"ಬ್ರಾಂದಿ ಬಗ್ಗಿಸೋಕಾ? ಬೇರೆ ಯಾರನ್ನಾದರೂ ನೋಡ್ಕೊಳ್ಳಿ."

ಅಪ್ಪ ಜಗಲಿಯ ಮೇಲೆ ಕೂತು ಫ್ಲಾಸ್ಕನ್ನು ತಲೆಕೆಳಗು ಮಾಡಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ. "ಬಿಟ್ಟೆ ಅಂತ ಸುಳ್ಳು ಹೇಳಲ್ಲ. ಅರಸೀಕೆರೇಲಿ ಕುಡಿದೇ ಕೂತೆ, ಮಾನ ಹೋಯ್ತು. ಯಾರ ಕೈಗೆ ಕೊಟ್ಟರೂ ಪ್ರೀತಿಯಿಂದ ಅದನ್ನೇ ತುಂಬ್ತಾರೆ ಕಣಮ್ಮ. ಇವತ್ತು ನೀನು ತುಂಬು. ಏನಾದರೂ ತುಂಬು. ಇವತ್ತೂ ಆಗಲಿಲ್ಲ ಅಂದರೆ ಇನ್ನು ತಂಬೂರಿ ಮುಟ್ಟಲ್ಲ."

ಹಾಳಾದ್ದು, ಫ್ಲಾಸ್ಕನ್ನು ಅವರ ಕೈಯಿಂದ ತೆಗೆದುಕೊಂಡೆ.

ಒಳಗಿನಿಂದ ಅಮ್ಮನ ದನಿ ಬಂತು: "ನಿಮ್ಮಪ್ಪನಿಗೆ ಹೇಳು, ಕಾಲು ತೊಳ್ಕೊಂಡು ಊಟಕ್ಕೆ ಬರಲಿ ಅಂತ."

ಮುನಿಸಿಕೊಂಡ ಗಂಡ ಹೆಂಡಿರು ಮಕ್ಕಳ ಮೂಲಕ ಮಾತಾಡುವುದು ನಮ್ಮ ಕಡೆ ಹೊಸದಲ್ಲ. ಅಪ್ಪನಿಗೆ ಕೇಳಿಸಿದ್ದರೂ ನಾನು ಹೇಳಲೇಬೇಕು. ಹೇಳಿದೆ. "ಬಂದೆ ಅಂತ ನಿಮ್ಮಮ್ಮನಿಗೆ ಹೇಳು" ಅಂದರು. ಅದನ್ನೂ ಹೇಳಿದೆ. ಒಳ್ಳೇ ಟಪಾಲಿನವನ ಕೆಲಸ ಸಿಕ್ಕಿತು ನನಗೆ!

ಊಟವಾದ ಮೇಲೆ ಕಾಫಿ ಕಾಸಿ ತುಂಬೋಣವೆಂದು ಒಳಗೆ ಹೋದರೆ, ಫ್ಲಾಸ್ಕು ಆಗಲೇ ತುಂಬಿ ಬಿರಡೆ ಹಾಕಿತ್ತು. ಮನೆಯಲ್ಲೆಲ್ಲ ಮೆಣಸು, ಶುಂಠಿಯ ಘಾಟು. ಒಂದು ಕಾಲದಲ್ಲಿ ಪ್ರತಿ ಕಛೇರಿಗೂ ಮುಂಚೆ ಅಮ್ಮ ಅಪ್ಪನಿಗೆ ಕಾಸಿಕೊಡುತ್ತಿದ್ದ ಕಷಾಯ ಅದು. "ನಾನು ಮಾಡಿದ್ದು ಅಂತ ಬಾಯಿ ಬಿಟ್ಟೀಯ, ಜೋಕೆ" ಅಂದಳು.

ಬೇಲೂರಿನ ಚಪ್ಪರದಲ್ಲಿ ಪಾನಕ, ಕೋಸಂಬರಿ ಹಂಚಿ ಮುಗಿದು ಕಛೇರಿ ಶುರುವಾಯಿತು. ಎರಡನೇ ಕೀರ್ತನೆಗೇ ಅಪ್ಪನ ದನಿ ಒಡೆಯಿತು. ತಾಳ ಹಾಕುವ ಕೈ ಹಿಡಿತಕ್ಕೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ಪಿಸುಪಿಸು ಎದ್ದಿತು. ಅಷ್ಟರಲ್ಲಿ ಹಳೇ ಅಭಿಮಾನಿಯೊಬ್ಬ, ಮಾದಿಹಳ್ಳಿ ಕಡೆಯ ತೆಂಗಿನ ತೋಟದವನು, ಪಕ್ಕದಿಂದ ಬಗ್ಗಿ ತನ್ನದೊಂದು ಫ್ಲಾಸ್ಕನ್ನು ಅಪ್ಪನ ಮುಂದೆ ಸರಿಸಿದ. "ತಗಳಿ ಸ್ವಾಮಿ, ನಿಮ್ದು ತಂದಿವ್ನಿ. ಗಂಟ್ಲು ಸರಿ ಆಯ್ತದೆ."

ಅಪ್ಪನ ಕೈ ಅದರತ್ತ ಹೋಯಿತು. ತಂಬೂರಿ ಎತ್ತಿ ಆ ಮಹಾರಾಯನ ತಲೆಗೆ ಬಿಡೋಣ ಅನ್ನಿಸಿತು ನನಗೆ. ಆದರೆ ಮೀಟುವುದನ್ನು ನಿಲ್ಲಿಸುವಂತಿಲ್ಲ. ಶ್ರುತಿ ಕಡಿದರೆ ಇರುವ ಹಾಡೂ ನಿಂತುಹೋಗುತ್ತದೆ. ಹಲ್ಲು ಕಚ್ಚಿಕೊಂಡು ಮೀಟಿದೆ.

ಅಪ್ಪ ಇನ್ನೊಂದು ಕೈಯನ್ನೂ ಸೇರಿಸಿ ಅವನಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ಹಿಂದಕ್ಕೆ ಕೈ ಚಾಚಿದರು. ಒಂದು ಕೈಯಲ್ಲಿ ಮೀಟುತ್ತಲೇ ಇನ್ನೊಂದರಲ್ಲಿ ಬಗ್ಗಿಸುವ ಚಳಕ ನನಗೆ ಮರೆತಿರಲಿಲ್ಲ. ಒಂದು ಗುಟುಕು ಕುಡಿದರು. ತಿರುಗಿ ನನ್ನ ಮುಖ ನೋಡಿದರು.

"ಬೆಲ್ಲದ ಜೊತೆ ಒಂದು ಕಲ್ಲು ಉಪ್ಪು" ಅಂದರು ಮೆಲ್ಲಗೆ. "ಇದು ನಿನ್ನ ಕೈದಲ್ಲ."

ಬಾಯಿ ಬಿಡಬಾರದಲ್ಲ! ತಂಬೂರಿ ನೋಡುತ್ತಾ ಕೂತೆ.

ಆಮೇಲೆ ಏನೋ ಅದ್ಭುತವಾಗಿ ಹಾಡಿದರು ಅಂತ ಹೇಳಲಾರೆ, ಸುಳ್ಳೇಕೆ? ಮೇಲಿನ ಸ್ವರ ಕೊನೆಗೂ ಸಿಗಲಿಲ್ಲ. ಆದರೆ ಒಂದು ಸಾಲೂ ಮರೆಯದೆ ಮಂಗಳ ಹಾಡಿ ಎದ್ದರು. ನನಗೆ ಅತ್ತುಬಿಡುವಷ್ಟು ಸಂತೋಷವಾಯಿತು.

ಮರುದಿನ ಬೆಳಿಗ್ಗೆ ನಮ್ಮ ಮನೆಯಿಂದ ಹೊರಟರು. ಮುಂದಿನ ಕಛೇರಿ ಚಿಕ್ಕಮಗಳೂರಿನಲ್ಲಿ. ಫ್ಲಾಸ್ಕನ್ನು ಜಗಲಿಯ ಮೇಲೆಯೇ ಬಿಟ್ಟರು. "ನಿಮ್ಮಮ್ಮನಿಗೆ ಹೇಳು, ಇದು ಇಲ್ಲೇ ಇರಲಿ. ಮುಚ್ಚಳ ಇರೋದು ನನಗೆ ಬೇಡ. ಒಂದು ಚೊಂಬು ಕೊಡೋಕೆ ಹೇಳು. ನಾನು ಏನು ಕುಡೀತೀನಿ ಅಂತ ಎಲ್ಲರಿಗೂ ಕಾಣಲಿ."

ನಾನು ಒಳಗೆ ತಿರುಗುವಷ್ಟರಲ್ಲಿ ಅಮ್ಮನೇ ಹೊಸ್ತಿಲಿಗೆ ಬಂದಿದ್ದಳು. ಕೈಯಲ್ಲಿ ಅವಳ ಹಿತ್ತಾಳೆ ಚೊಂಬು. ನನ್ನ ಕೈಗೆ ಕೊಡುತ್ತಾಳೆಂದು ಕೈ ಒಡ್ಡಿದೆ. ಅಮ್ಮ ನನ್ನನ್ನು ದಾಟಿ ಹೋಗಿ ಅಪ್ಪನ ಮುಂದೆ ನಿಂತಳು.

"ಇದು ನನ್ನ ತವರಿನ ಚೊಂಬು" ಅಂದಳು, ಅಪ್ಪನ ಮುಖ ನೋಡಿ. "ಕಛೇರಿ ಎಲ್ಲ ಮುಗಿದ ಮೇಲೆ ನೀವೇ ವಾಪಸ್ ತಂದುಕೊಡಬೇಕು."