ಬಂಜೂಜಿಯ ಜಾರುಗಂಬ

ಬ್ರಾಜಾವಿಲ್‌ನ ಬಕೊಂಗೊ ಕೇರಿಯಲ್ಲಿ ಮದುವೆಯ ಮಂಚಕ್ಕೂ ಬಡಗಿ ಬಂಜೂಜಿಯೇ ಬೇಕು, ಹೆಣದ ಪೆಟ್ಟಿಗೆಗೂ ಅವನೇ ಬೇಕು. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಎಡ ಮಂಡಿ ಮಡಚುತ್ತಿರಲಿಲ್ಲ. ಪ್ರಾಯದಲ್ಲಿ ಹೆಂಡ ಇಳಿಸಲು ಹೋಗಿ ತಾಳೆಮರದಿಂದ ಬಿದ್ದನಂತೆ, ಹಾಗೆಂದು ಅವನೇ ಹೇಳಿದ್ದು. ನಗು ಮಾತ್ರ ಅವನಿಗೆ ಆಗದು. ಯಾರೋ ಯಾರದೋ ಮಾತಿಗೆ ನಕ್ಕರೂ ತನ್ನ ಕಾಲು ನೋಡಿಯೇ ನಕ್ಕರೆಂದು ಉಳಿ ಹಿಡಿದುಕೊಂಡು ತಿರುಗಿ ಬೀಳುತ್ತಿದ್ದ.

1965ರ ಜುಲೈನಲ್ಲಿ ಬ್ರಾಜಾವಿಲ್ ಊರಿಗೆ ಊರೇ ಮದುವೆ ಮನೆ. ನಮ್ಮನ್ನಾಳಿದ ಬಿಳಿಯರು ಗಂಟುಮೂಟೆ ಕಟ್ಟಿ ಐದು ವರ್ಷವಾಗಿತ್ತಷ್ಟೆ. ಇಡೀ ಆಫ್ರಿಕದ ಮೊಟ್ಟಮೊದಲ ಕ್ರೀಡಾಕೂಟ ನಮ್ಮೂರಲ್ಲಿ ನಡೆಯುತ್ತಿತ್ತು. ಹೊಸ ಮೈದಾನ, ಹೊಸ ಬಾವುಟಗಳು, ನೆಂಟರಿಗೆ ಮಲಗಲು ಜಾಗವಿಲ್ಲ. ಎತ್ತರ ಜಿಗಿತಕ್ಕೆ ನಮ್ಮ ಕಡೆಯಿಂದ ಆರಿಸಿದ್ದು ಬಂಜೂಜಿಯ ತಂಗಿ ಮತೋಂಡೊಳ ಮಗಳು ಲುಜೋಲೊಳನ್ನು.

ನಮ್ಮಲ್ಲಿ ಅನ್ನ ಹಾಕುವವನು ಅಪ್ಪನಾದರೂ ಹರಸುವವನು ಸೋದರಮಾವ. ಮದುವೆಗೋ ಪರೀಕ್ಷೆಗೋ ಹೊರಟ ಮಗುವಿನ ಎರಡೂ ಕೈ ಅವನು ಹಿಡಿಯಬೇಕು, ಇಬ್ಬರೂ ಮೂರು ಸಲ ಜಿಗಿಯಬೇಕು. ಮಾವ ಮುನಿದು ಕೈ ಕೊಡದಿದ್ದರೆ ಆ ಮುನಿಸು ಮಗುವಿನ ಕಾಲಿಗೆ ತೊಡರುತ್ತದೆ. ಹುಡುಗಿಯನ್ನು ಆರಿಸಿದ ಸುದ್ದಿ ಕೇಳಿದಾಗಿನಿಂದ ಬಂಜೂಜಿ ಮುನಿದಿದ್ದ, ಮತೋಂಡೊಗೆ ವಾರದಿಂದ ನಿದ್ದೆ ಇಲ್ಲದ್ದು ಇದಕ್ಕೇ. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ತಾಳೆ ಹೆಂಡದ ಸೋರೆಬುರುಡೆ ಹೊತ್ತು, ಮಗಳನ್ನೂ ಕರೆದುಕೊಂಡು ಅಣ್ಣನ ಅಂಗಳಕ್ಕೆ ಬಂದಳು.

"ಅಣ್ಣ, ನಾಳೆ ಇವಳ ಸರದಿ. ಕೈ ಕೊಡು, ಸಾಕು. ಬೇರೇನೂ ಕೇಳಲ್ಲ."

"ಚಡ್ಡಿ ಹಾಕ್ಕೊಂಡು ಊರೆದುರು ಕುಣಿಯೋಕೆ ನನ್ನ ಕೈ ಬೇಕಾ?"

"ಕುಣಿಯೋದಲ್ಲ ಅಣ್ಣ, ಹಾರೋದು."

"ನೋಡೋರಿಗೆ ಎಲ್ಲಾ ಒಂದೇ. ಬಿದ್ರೆ ನಗ್ತಾರೆ. ಬುರುಡೆ ಎತ್ಕೊಂಡು ನಡಿ."

ಲುಜೋಲೊ ಬಾಗಿಲ ಕಂಬ ಹಿಡಿದು ನಿಂತಿದ್ದಳು. "ಮಾವ, ಬೈದಾದ್ರೂ ಕಳಿಸು. ನೀನು ಹೀಗೆ ಮುಖ ತಿರುಗಿಸಿದ್ರೆ ನಂಗೆ ಕಾಲೇ ಏಳಲ್ಲ."

ಬಂಜೂಜಿ ಹಲಗೆಯ ಮೇಲೆ ಕೀಸುಳಿ ಉಜ್ಜುತ್ತಲೇ ಇದ್ದ. ಅವರು ಹೋದ ಮೇಲೂ ಉಜ್ಜಿದ. ತಾಳೆಮರದ ಕಥೆ ಶುದ್ಧ ಸುಳ್ಳು. ಅವನ ಪ್ರಾಯದಲ್ಲಿ, ಇಂಥದೇ ಒಂದು ಜುಲೈನಲ್ಲಿ, ಕೂಲಿಗೆ ಹೋದ ದೂರದ ಊರಲ್ಲಿ, ಬಿಳಿಯರ ಹಬ್ಬದ ದಿನ, ಅವರು ಜಾರುಗಂಬ ನೆಟ್ಟು ತುದಿಗೆ ಬಹುಮಾನವೆಂದು ಒಂದು ನೀಲಿ ಅಂಗಿ ಕಟ್ಟಿದ್ದರು. ಕಂಬಕ್ಕೆಲ್ಲ ಕೊಬ್ಬು ಬಳಿದಿದ್ದರು. ಹತ್ತಿದವರಲ್ಲಿ ಬಂಜೂಜಿಯೇ ಎಲ್ಲರಿಗಿಂತ ಮೇಲೆ ಹೋದ. ಅಂಗಿಯ ತೋಳು ಬೆರಳಿಗೆ ತಾಗಿತು, ಅಷ್ಟರಲ್ಲಿ ಜಾರಿ ಬಿದ್ದ. ಮಂಡಿ ಮುರಿದು ಹೊರಳಾಡುತ್ತಿದ್ದರೆ ಕೊಡೆಗಳ ಕೆಳಗೆ ಕೂತ ದೊರೆಗಳೂ ಅವರ ಹೆಂಗಸರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಒಬ್ಬ ಅವನ ಎದೆಯ ಮೇಲೆ ಬ್ರೆಡ್ ತುಂಡು ಎಸೆದ. ಇದನ್ನು ತಂಗಿಗೆ ಬಾಯಿಬಿಟ್ಟು ಹೇಳಿದ್ದರೆ ಒಂದು ಗಳಿಗೆಯಲ್ಲಿ ಬಗೆಹರಿಯುತ್ತಿತ್ತು. ಆದರೆ ಬಂಜೂಜಿ ಪ್ರಾಣ ಬಿಟ್ಟಾನು, ಮಾನ ಹೋದದ್ದನ್ನು ಹೇಳಲಾರ.

ಮರುದಿನ ಮರಗೆಣಸಿನ ಕಡುಬನ್ನು ಮುಟ್ಟದೆ ಕೆಲಸಕ್ಕೆ ಕೂತ. ಯಾರದೋ ಹೆಣದ ಪೆಟ್ಟಿಗೆಯ ಹಲಗೆಯನ್ನು ಗೇಣು ಗಿಡ್ಡ ಕೊಯ್ದ. ಕೈ ಕೊಟ್ಟರೆ ಹುಡುಗಿಯನ್ನು ನಗೆಪಾಟಲಿಗೆ ತಳ್ಳಿದಂತೆ, ಕೊಡದಿದ್ದರೆ ಅವಳ ಕಾಲಿಗೆ ತಾನೇ ಹಗ್ಗ ಬಿಗಿದಂತೆ. ಎರಡೂ ಹೆದರಿಕೆ ತಾಳಲಾಗದೆ ಉಳಿ ಬಿಸುಟು ಮೈದಾನದ ಕಡೆ ಕುಂಟಿದ.

ಮೈದಾನದ ಸುತ್ತಲಿನ ಕಬ್ಬಿಣದ ಕಟಾಂಜನದವರೆಗೂ ಜನವೋ ಜನ, ಬಂಜೂಜಿ ಅದನ್ನೇ ಹಿಡಿದು ನಿಂತ. ಮರಳಿನ ಗುಂಡಿಯ ಮುಂದೆ ಅಡ್ಡಕೋಲು. ಲುಜೋಲೊ ಓಡಿಬಂದಳು, ಹಾರಿದಳು, ಕೋಲು ಉರುಳಿತು. ಬಂಜೂಜಿ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಆ ನಗುವಿಗೆ ಕಾದ. ನಗು ಬರಲಿಲ್ಲ. ಇಡೀ ಮೈದಾನ ಒಂದೇ ಮನೆಯವರಂತೆ "ಅಯ್ಯೋ" ಎಂದಿತು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವಳು ಎದೆ ಬಡಿದುಕೊಂಡು, "ನನ್ನ ಕಂದಮ್ಮಂಗೆ ಏಟಾಯ್ತಾ ನೋಡ್ರೋ" ಎಂದು ಕೂಗಿದಳು. ಯಾವ ಕೇರಿಯವಳೋ ಏನೋ!

ಎರಡನೇ ಸಲವೂ ಕೋಲು ಬಿತ್ತು. ಉಳಿದದ್ದು ಒಂದೇ ಅವಕಾಶ. ಲುಜೋಲೊ ಸೊಂಟಕ್ಕೆ ಕೈಕೊಟ್ಟು ಜನರ ಸಾಲುಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳು. ಯಾರನ್ನೆಂದು ಬಂಜೂಜಿಗೆ ಗೊತ್ತು. ಇಲ್ಲಿ ನಗುವವರು ಯಾರೂ ಇಲ್ಲ, ಅವಳ ಕಾಲಿಗೆ ತೊಡರಿರುವುದು ನಾನು ಕೊಡದ ಕೈಯೇ ಎಂದು ಅವನಿಗೆ ಹೊಳೆಯಿತು.

"ಲುಜೋಲೊ! ಏ ಲುಜೋಲೊ, ಇಲ್ಲಿ ನೋಡೇ!"

ಕಟಾಂಜನದ ಮೇಲಿಂದ ಎರಡೂ ಕೈ ಚಾಚಿದ. ಅಷ್ಟು ದೂರದಿಂದ ಅವಳೂ ಕೈ ಚಾಚಿದಳು. ಬಂಜೂಜಿ ಜಿಗಿದ, ಅವಳೂ ಜಿಗಿದಳು. ಅವನ ಟೋಪಿ ಬಿತ್ತು. ಸುತ್ತಲಿನವರಿಗೆ ನಗು ತಡೆಯಲಾಗಲಿಲ್ಲ.

"ತಾತಾ, ಪಂದ್ಯ ಅಲ್ಲಿ! ನೀನ್ಯಾಕೆ ಇಲ್ಲಿ ಹಾರ್ತಿದೀಯ?"

ಎರಡನೆಯ ಜಿಗಿತಕ್ಕೆ ನಗು ಇನ್ನೂ ಜೋರಾಯಿತು. ಮೂರನೆಯದಕ್ಕೆ ಮಂಡಿ ಕೈಕೊಟ್ಟಿತು. ಅವನು ಕುಸಿಯುವ ಮೊದಲೇ ನಗುತ್ತಿದ್ದವರೇ ಕಂಕುಳಿಗೆ ಕೈಹಾಕಿ ಎತ್ತಿ ಹಿಡಿದರು. ಅವರ ಹೆಗಲ ಮೇಲಿಂದಲೇ ಅವನು ನೋಡಿದ್ದು: ಲುಜೋಲೊ ಹಾರಿದಳು, ಹಿಮ್ಮಡಿ ತಾಗಿ ಕೋಲು ನಡುಗಿತು, ನಡುಗಿ ನಡುಗಿ ಅಲ್ಲೇ ನಿಂತಿತು.

ಪದಕ ಬರಲಿಲ್ಲ. ಮುಂದಿನ ಎತ್ತರಕ್ಕೆ ಅವಳ ಆಟ ಮುಗಿಯಿತು. ಸಂಜೆ ಮತೋಂಡೊ ನಿನ್ನೆಯ ಬುರುಡೆ ಹೊತ್ತು ಜೊತೆಗೆ ಬರುತ್ತಿದ್ದಳು. ಮಾವನ ತೋಳು ಹಿಡಿದು ನಡೆಸುತ್ತಾ ಲುಜೋಲೊ ಅಳುಕುತ್ತಲೇ ಕೇಳಿದಳು.

"ಮಾವ, ಎಲ್ಲಾರೂ ನಿನ್ನ ನೋಡಿ ನಕ್ರಂತೆ?"

"ಹೊಟ್ಟೆ ಹುಣ್ಣಾಗೋ ಹಾಗೆ ನಕ್ರು."

"ಬೇಜಾರಾಯ್ತಾ?"

"ಇಲ್ಲ ಕಣೆ. ಇವ್ರು ನಗ್ತಾ ನಗ್ತಾನೇ ನನ್ನ ಎತ್ತಿದ್ರು. ಅವತ್ತು ನಕ್ಕೋರು ಒಬ್ರೂ ಎತ್ತಲಿಲ್ಲ."

"ಯಾವತ್ತು? ನೀನು ಬಿದ್ದಿದ್ದು ತಾಳೆಮರದಿಂದ ಅಲ್ವಾ?"

ಬಂಜೂಜಿ ರಸ್ತೆಬದಿಯ ಕಲ್ಲಿನ ಮೇಲೆ ಕೂತ. ತಂಗಿಯತ್ತ ಕೈ ಚಾಚಿದ.

"ಆ ಬುರುಡೆ ಇತ್ತ ಕೊಡು, ಮತೋಂಡೊ. ನೀನೂ ಕೂತ್ಕೊ. ಒಂದು ನೀಲಿ ಅಂಗಿ ಇತ್ತು."